ಬಾಗಿಲಾಚೆಯ ಹುಡುಗಿಯರು

ಗುಸ್ತಾವ್ ಹೋಲ್ಸ್ಟ್‌ರ ವಾದ್ಯವೃಂದದ ಕೃತಿ ‘ದಿ ಪ್ಲಾನೆಟ್ಸ್’ನ ಕೊನೆಯ ಭಾಗ ನೆಪ್ಚೂನ್. ಅದು ಮುಗಿಯುತ್ತ ಬಂದಾಗ ಹೆಣ್ಣುದನಿಗಳು ಕೇಳತೊಡಗುತ್ತವೆ. ಸಾಹಿತ್ಯವಿಲ್ಲ, ಬರೀ ಸ್ವರ. ಹಾಡುವವರು ವೇದಿಕೆಯ ಮೇಲಿಲ್ಲ, ಪಕ್ಕದ ಕೋಣೆಯಲ್ಲಿದ್ದಾರೆ. ಕಡೆಯ ಸ್ವರಗಳನ್ನು ಮತ್ತೆ ಮತ್ತೆ ಹಾಡುತ್ತಿರುವಾಗಲೇ ಆ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮೆಲ್ಲಗೆ ಮುಚ್ಚಬೇಕೆಂದು ಸ್ವರಲಿಪಿಯಲ್ಲೇ ಬರೆದಿದೆ. ಹಾಡು ಯಾವ ಗಳಿಗೆಯಲ್ಲಿ ನಿಂತಿತೆಂದು ನನಗೆ ಇವತ್ತಿಗೂ ಹಿಡಿಯಲಾಗಿಲ್ಲ. 1918ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ, ಆಹ್ವಾನಿತರ ಮುಂದೆ, ಏಡ್ರಿಯನ್ ಬೌಲ್ಟ್‌ರ ನಿರ್ದೇಶನದಲ್ಲಿ ಇದನ್ನು ಮೊದಲ ಸಲ ನುಡಿಸಿದಾಗ ಬಾಗಿಲಾಚೆ ನಿಂತು ಹಾಡಿದವರು ಒಂದು ಶಾಲೆಯ ಹುಡುಗಿಯರು.

ಆ ಶಾಲೆ ಹ್ಯಾಮರ್‌ಸ್ಮಿತ್‌ನ ಬ್ರೂಕ್ ಗ್ರೀನ್‌ನಲ್ಲಿರುವ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆ. ತೆರೆದದ್ದು 1904ರಲ್ಲಿ. ಮರುವರ್ಷವೇ ಗುಸ್ತಾವ್ ಹೋಲ್ಸ್ಟ್ ಸಂಗೀತದ ಮೇಷ್ಟರಾಗಿ ಸೇರಿದರು, 1934ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಪಿಯಾನೋ ವಾದಕರಾಗಬೇಕೆಂದಿದ್ದವರು. ಬಲಗೈಯ ನರನೋವಿನಿಂದ ಅದು ಕೈತಪ್ಪಿ, ಟ್ರೊಂಬೋನ್ ಊದಿ ಹೊಟ್ಟೆ ಹೊರೆದು, ಕೊನೆಗೆ ಪಾಠಕ್ಕೆ ಬಂದರು. ಸಂಬಳಕ್ಕಾಗಿ ಕಲಿಸಿದರು ಎಂದು ಬರೆದು ಮುಂದೆ ಹೋಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂವತ್ತೊಂದು ವರ್ಷ ಧಾರವಾಡದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಸಂಗೀತ ಕಲಿಸಿದವಳು ನಾನು. ದಿನವೂ ಮಕ್ಕಳ ಗಂಟಲು ಕೇಳಿದವರ ಸಂಗೀತಕ್ಕೆ ಆ ಗಂಟಲು ಸೇರದೆ ಇರುವುದಿಲ್ಲ.

ಪಾಠಕ್ಕೆ ಬರುವ ಮೊದಲೇ ಹೋಲ್ಸ್ಟ್ ಸಂಸ್ಕೃತದ ಬೆನ್ನು ಹತ್ತಿದ್ದರು. ಋಗ್ವೇದದ ಇಂಗ್ಲಿಷ್ ಅನುವಾದಗಳು ಹಾಡಲಿಕ್ಕೆ ಒಗ್ಗಲಿಲ್ಲವೆಂದು, ನಿಘಂಟು ಹಿಡಿದು ತಾವೇ ಸೂಕ್ತಗಳನ್ನು ಇಂಗ್ಲಿಷಿಗೆ ತಂದುಕೊಂಡರು. ಮಹಾಭಾರತದ ಕಥೆಯಿಂದ 1908ರಲ್ಲಿ ‘ಸಾವಿತ್ರಿ’ ಎಂಬ ಒಪೆರಾ ಬರೆದರು. ಸಾವಿತ್ರಿ, ಸತ್ಯವಾನ, ಯಮ, ಮೂರೇ ಪಾತ್ರ, ಹನ್ನೆರಡು ಮಂದಿ ವಾದ್ಯದವರು, ಮತ್ತೆ ಕಾಣದಂತೆ ನಿಂತು ಪದಗಳಿಲ್ಲದೆ ಹಾಡುವ ಹೆಣ್ಣುದನಿಗಳು. ನೆಪ್ಚೂನ್‌ನ ಬಾಗಿಲು ಇಲ್ಲೇ ಅರ್ಧ ತೆರೆದಿತ್ತು ಎಂದು ನನಗೆ ಅನಿಸುತ್ತದೆ. ಅವರು ಆರಿಸಿದ ಸೂಕ್ತಗಳಲ್ಲಿ ಮಂಡೂಕ ಸೂಕ್ತವೂ ಒಂದು. ಮಳೆಗಾಲದಲ್ಲಿ ಒಂದು ಕಪ್ಪೆ ಕೂಗಿದರೆ ಇನ್ನೊಂದು ಅದನ್ನೇ ಕೂಗುತ್ತದೆ, ಗುರು ಹೇಳಿಕೊಟ್ಟದ್ದನ್ನು ಶಿಷ್ಯ ಒಪ್ಪಿಸಿದ ಹಾಗೆ. ಸರಳೆ ಹೇಳಿಸುವವರಿಗೆ ಈ ಹೋಲಿಕೆ ಎಷ್ಟು ನಿಜವೆಂದು ಗೊತ್ತು.

1913ರಲ್ಲಿ ಶಾಲೆ ಸಂಗೀತಕ್ಕೆಂದೇ ಹೊಸ ಕಟ್ಟಡ ಕಟ್ಟಿತು, ಹೋಲ್ಸ್ಟ್‌ರಿಗೆ ಸದ್ದು ಒಳಬರದ, ಹೊರಹೋಗದ ಒಂದು ಕೋಣೆ ಕೊಟ್ಟಿತು. ಭಾನುವಾರ, ರಜಾದಿನಗಳಲ್ಲಿ ಅಲ್ಲಿ ಕೂತು ಬರೆದದ್ದೇ ‘ದಿ ಪ್ಲಾನೆಟ್ಸ್’. ನನಗೆ ಈ ಕೋಣೆಯ ಮೇಲೆ ಬಹಳ ಆಸೆ. ನನ್ನ ಕ್ಲಾಸು ನಡೆಯುತ್ತಿದ್ದದ್ದು ಲ್ಯಾಬಿನ ಪಕ್ಕದ ಸಾಮಾನು ಕೋಣೆಯಲ್ಲಿ. ಹಾರ್ಮೋನಿಯಂ ಭಾತಿ ಎಳೆದ ಕೂಡಲೇ ಗಣಿತದ ಕ್ಲಾಸಿನಿಂದ ಒಬ್ಬಳು ಬಂದು, ‘ಸ್ವಲ್ಪ ಸಣ್ಣಗ ಹಾಡಬೇಕಂತ್ರಿ’ ಎಂದು ಹೇಳಿ ಹೋಗುತ್ತಿದ್ದಳು. ಸಣ್ಣಗೆ ಹಾಡಿ ಹಾಡಿ ಎಷ್ಟೋ ಹುಡುಗಿಯರ ಕಂಠ ತೆರೆಯಲೇ ಇಲ್ಲ. ಅದು ಇನ್ನೂ ನನ್ನನ್ನು ನೋಯಿಸುತ್ತದೆ.

ಕೋಣೆಯ ಋಣಕ್ಕೆ ಹೋಲ್ಸ್ಟ್ ‘ಸೇಂಟ್ ಪಾಲ್ಸ್ ಸೂಟ್’ ಬರೆದರು, ಶಾಲೆಯ ತಂತಿವಾದ್ಯಗಳಿಗೆ. ಆಮೇಲೆ ವೃಂದದಲ್ಲಿ ಊದುವ ಹುಡುಗಿಯರೂ ಇದ್ದಾರಲ್ಲ, ಅವರು ಸುಮ್ಮನೆ ಕೂರಬಾರದೆಂದು ಗಾಳಿವಾದ್ಯಗಳ ಪಾಲನ್ನೂ ಸೇರಿಸಿದರು. ಕೊನೆಯ ಭಾಗದಲ್ಲಿ ‘ಡಾರ್ಗಸನ್’ ಎಂಬ ಕುಣಿತದ ಮಟ್ಟು ಓಡುತ್ತಿರುವಾಗ ಅದರ ಮೇಲೆಯೇ ‘ಗ್ರೀನ್‌ಸ್ಲೀವ್ಸ್’ ನಿಧಾನವಾಗಿ ತೇಲಿ ಬರುತ್ತದೆ. ಮಕ್ಕಳಿಗೆಂದು ಸಪ್ಪೆಮಾಡಿದ ಸಂಗೀತವಲ್ಲ ಅದು. ಇವತ್ತು ದೊಡ್ಡ ದೊಡ್ಡ ವೃಂದಗಳೂ ನುಡಿಸುತ್ತವೆ.

‘ದಿ ಪ್ಲಾನೆಟ್ಸ್’ನ ಭಾರೀ ಸ್ವರಲಿಪಿಯನ್ನು ಒಂಟಿಯಾಗಿ ಬರೆದು ಮುಗಿಸುವಷ್ಟು ಶಕ್ತಿ ಆ ಬಲಗೈಯಲ್ಲಿರಲಿಲ್ಲ. ಅವರು ಹೇಳುತ್ತಿದ್ದರು, ಶಾಲೆಯ ಸಹೋದ್ಯೋಗಿಗಳಾದ ವ್ಯಾಲಿ ಲಾಸ್ಕರ್, ನೋರಾ ಡೇ ಬರೆಯುತ್ತಿದ್ದರು. ಅದೇ ಶಾಲೆಯಲ್ಲಿ ಓದಿದ್ದ ಜೇನ್ ಜೋಸೆಫ್ ಕೂಡ ಕೈಹಾಕಿದರು. ಬರೆದುಕೊಟ್ಟವರು ಎಂದರೆ ಗುಮಾಸ್ತರೆಂದು ತಿಳಿಯಬಾರದು. ಒಂದು ವರ್ಷ ನನ್ನ ಮಣಿಕಟ್ಟು ಮುರಿದಿತ್ತು. ಕೇದಾರದ ಒಂದು ಚೀಜನ್ನು ನಾನು ಹಾಡುತ್ತ ಹೋದೆ, ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಸ್ವರ ಬರೆಯುತ್ತ ಬಂದಳು. ಒಂದು ಕಡೆ ಪೆನ್ಸಿಲ್ ನಿಂತಿತು. ‘ಅಕ್ಕೋರ, ಇಲ್ಲೆ ಮಧ್ಯಮ ತೀವ್ರ ಏನ್ರಿ, ಶುದ್ಧ ಏನ್ರಿ?’ ಎರಡೂ ಮಧ್ಯಮಗಳ ರಾಗ ಅದು. ಇಪ್ಪತ್ತು ವರ್ಷ ಹಾಡಿದ ಚೀಜಿನ ಆ ಜಾಗದಲ್ಲಿ ನಾನು ಎರಡರ ನಡುವೆ ಜಾರಿಬಿಡುತ್ತಿದ್ದೆ ಎಂದು ಅವತ್ತು ತಿಳಿಯಿತು.

ಹುಡುಗಿಯರನ್ನು ಮರೆಯಲ್ಲಿ ನಿಲ್ಲಿಸಿ ಹಾಡಿಸುವುದು ಹೊಸದೇನಲ್ಲ. ಹಿಂದೆ ವೆನಿಸ್ಸಿನಲ್ಲಿ, 1703ರಿಂದ, ಸಂಗೀತಕಾರ ವಿವಾಲ್ಡಿ ಪಿಯೆತಾ ಅನಾಥಾಲಯದ ಹುಡುಗಿಯರಿಗೆ ಪಿಟೀಲು ಕಲಿಸಿದ್ದರು. ಆ ಹುಡುಗಿಯರು ಜಾಲರಿಯ ಹಿಂದೆ ಮರೆಯಾಗಿ ಹಾಡುತ್ತಿದ್ದರು, ಅವರ ಮುಖ ಯಾರಿಗೂ ಕಾಣಬಾರದೆಂದು. ಹೋಲ್ಸ್ಟ್‌ರ ಬಾಗಿಲು ಬೇರೆ. ಅದು ದನಿಯನ್ನು ದೂರ ಕಳಿಸಲಿಕ್ಕೆ ಇದ್ದದ್ದು.

ಹೋಲ್ಸ್ಟ್ ಭಾರತಕ್ಕೆ ಬರಲಿಲ್ಲ. ಸೇಂಟ್ ಪಾಲ್ಸ್‌ನಲ್ಲೇ ಓದಿದ ಮಗಳು ಇಮೊಜನ್ 1950-51ರ ಚಳಿಗಾಲದಲ್ಲಿ ಶಾಂತಿನಿಕೇತನಕ್ಕೆ ಬಂದು ಇಲ್ಲಿಯ ಸಂಗೀತ ಕಲಿತು ಹೋದರು. ತಂದೆ ಕೊನೆಗಾಲದಲ್ಲಿ, 1933ರಲ್ಲಿ, ಆರೋಗ್ಯ ಕೆಟ್ಟಿದ್ದಾಗಲೂ ಮತ್ತೆ ಶಾಲೆಗಾಗಿ ಬರೆದರು. ಅದು ‘ಬ್ರೂಕ್ ಗ್ರೀನ್ ಸೂಟ್’, ಈ ಸಲ ಕಿರಿಯ ಹುಡುಗಿಯರ ವೃಂದಕ್ಕೆ. 1934ರ ಮಾರ್ಚಿನಲ್ಲಿ ಆ ಮಕ್ಕಳು ಅದನ್ನು ಶಾಲೆಯಲ್ಲಿ ನುಡಿಸಿದರು. ಮೇ 25ಕ್ಕೆ ಮೇಷ್ಟರು ಹೋದರು.