ಹಸಿರು ತೂತಿನ ಹಿಂದಿನ ಕತೆ

ಕಂಪ್ಯೂಟರಿನ ಮುಂದಿನ ಪರದೆಯನ್ನು ದಿನಾ ಒರೆಸುತ್ತೇವೆ. ಅದರ ಬೆನ್ನ ಹಿಂದೆ ಏನಿದೆಯೆಂದು ಇಣುಕುವವರು ಕಡಿಮೆ. ಅಲ್ಲಿ ಸಾಲಾಗಿ ಪುಟ್ಟ ತೂತುಗಳಿರುತ್ತವೆ. ಒಂದು ತಿಳಿಹಸಿರು, ಒಂದು ಗುಲಾಬಿ, ಮತ್ತೊಂದು ತಿಳಿನೀಲಿ. ಸ್ಪೀಕರಿನ ಪಿನ್ನನ್ನು ಹಸಿರು ತೂತಿಗೆ ಸಿಕ್ಕಿಸಿದರೆ ಕಂಪ್ಯೂಟರು ಹಾಡುತ್ತದೆ. ಜಡೆಗೆ ಪಿನ್ನು ಸಿಕ್ಕಿಸುವಷ್ಟೇ ಸಣ್ಣ ಕೆಲಸ. ಆದರೂ ‘ವೈರಿನ ತಂಟೆ ನಮಗೇಕಮ್ಮಾ, ಅವರೇ ಬರಲಿ’ ಎಂದು ಕಾದು ಕೂರುವ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ! ಆ ಪಿನ್ನಿನ ಚರಿತ್ರೆ ತಿಳಿದ ಮೇಲೆ ಈ ಹಿಂಜರಿಕೆ ನನಗೆ ವಿಚಿತ್ರವಾಗಿ ಕಾಣತೊಡಗಿತು. ಏಕೆಂದರೆ ಅದರ ಹಿರಿಯಕ್ಕನನ್ನು ದಶಕಗಳ ಕಾಲ ಕೈಯಲ್ಲಿ ಹಿಡಿದು ದುಡಿದವರು ಹೆಂಗಸರು.

1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಸಾರ್ವಜನಿಕ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಆಗಿನ ಎಕ್ಸ್‌ಚೇಂಜುಗಳಲ್ಲಿ ಮೊದಲು ಕೆಲಸಕ್ಕಿದ್ದವರು ಹುಡುಗರು. ಅವರ ಒರಟು ಮಾತಿಗೆ ಗಿರಾಕಿಗಳು ಬೇಸತ್ತರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದಳು. ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆಕೆಯೇ. ಮುಂದೆ ಎಲ್ಲೆಡೆ ಆ ಕುರ್ಚಿಗಳಲ್ಲಿ ಹೆಂಗಸರೇ ಕೂತರು. ಎದುರಿನ ಹಲಗೆಯಲ್ಲಿ ನೂರಾರು ತೂತುಗಳು, ಕೈಯಲ್ಲಿ ಪಿನ್ನು ಕಟ್ಟಿದ ಹಗ್ಗದಂಥ ವೈರು. ಇವರ ತೂತಿನಿಂದ ಅವರ ತೂತಿಗೆ ಪಿನ್ನು ಚುಚ್ಚಿದರೆ ಎರಡು ಮನೆಗಳ ಮಾತು ಕೂಡುತ್ತಿತ್ತು. ನಮ್ಮೂರುಗಳಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರಿಗೆ ಅತ್ತಲಿಂದ ಬರುತ್ತಿದ್ದ ಹೆಣ್ಣುದನಿ ನೆನಪಿರಬಹುದು.

ಆ ಪಿನ್ನಿನ ದಪ್ಪ ಕಾಲು ಇಂಚು. ಜೇಬಿನ ಟ್ರಾನ್ಸಿಸ್ಟರ್ ರೇಡಿಯೋ ಬಂದ ಕಾಲಕ್ಕೆ ಅದು ಮೂರೂವರೆ ಮಿಲಿಮೀಟರಿಗೆ ಇಳಿಯಿತು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ ಲೋಕವೆಲ್ಲ ಹಬ್ಬಿತು.

ಕಂಪ್ಯೂಟರಿಗೆ ದನಿ ಬಂದದ್ದು ತಡವಾಗಿ. 1981ರಲ್ಲಿ ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರಿನೊಳಗೆ ಒಂದು ಪುಟ್ಟ ಸ್ಪೀಕರಿತ್ತು, ಆದರೆ ಅದು ‘ಬೀಪ್’ ಎನ್ನುವುದರಾಚೆ ಹೆಚ್ಚೇನೂ ಮಾಡಲಾರದು. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಸಂಗೀತ ನುಡಿಸುವ ಕಾರ್ಡು ಮಾಡಿತು. ಅದರ ಹಿಂದೆ ನಿಂತವರು ಸಂಗೀತದ ಪ್ರಾಧ್ಯಾಪಕರಾಗಿದ್ದ ಮಾರ್ಟಿನ್ ಪ್ರೆವೆಲ್. ಆ ಮೊದಲ ಕಾರ್ಡಿನಲ್ಲಿದ್ದದ್ದು ಕಾಲು ಇಂಚಿನ ತೂತು. ಎಮ್ಮಾಳ ಕಾಲದ ಟೆಲಿಫೋನ್ ಹಲಗೆಯ ಅಳತೆಯೇ ಕಂಪ್ಯೂಟರಿನವರೆಗೂ ಬಂದಿತ್ತು! 1989ರಲ್ಲಿ ಸಿಂಗಾಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ‘ಸೌಂಡ್ ಬ್ಲಾಸ್ಟರ್’ ತಂದಿತು. ಅದು ಸಂಗೀತದ ಜೊತೆಗೆ ಮನುಷ್ಯರ ಮಾತನ್ನೂ ಕೇಳಿಸಿತು.

ಕಾರ್ಡಿನ ಕೆಲಸ ಇಷ್ಟು: ಕಂಪ್ಯೂಟರಿನೊಳಗಿನ ಅಂಕಿಗಳನ್ನು ವಿದ್ಯುತ್ತಿನ ಅಲೆಗಳಾಗಿ ಮಾಡಿ ಹೊರಗೆ ಕಳಿಸುವುದು. ಆ ಅಲೆ ಬಹಳ ದುರ್ಬಲ, ಒಂದು ವೋಲ್ಟಿನ ಆಸುಪಾಸು. ಟಾರ್ಚಿನ ಸೆಲ್ಲಿನಲ್ಲೇ ಒಂದೂವರೆ ವೋಲ್ಟು ಇರುತ್ತದಲ್ಲ! ಅದಕ್ಕೇ ಸ್ಪೀಕರಿಗೆ ಬೇರೆ ಕರೆಂಟು ಕೊಟ್ಟು, ಅದರೊಳಗಿನ ಆಂಪ್ಲಿಫೈಯರಿನಿಂದ ದನಿ ಹೆಚ್ಚಿಸಬೇಕು. ಗೋಡೆಯ ಸ್ವಿಚ್ಚಿನ ಬಳಿ ಎಚ್ಚರವಿರಲಿ. ಈ ಪಿನ್ನಿಗೆ ಹೆದರಬೇಕಿಲ್ಲ.

ಮೊದಮೊದಲು ಎಷ್ಟೋ ಕಾರ್ಡುಗಳಲ್ಲಿ ತೂತುಗಳೆಲ್ಲ ಒಂದೇ ಥರ ಇರುತ್ತಿದ್ದವು. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕಂಪನಿಗಳ ‘ಪಿಸಿ 99’ ಮಾರ್ಗಸೂಚಿ ಒಂದೊಂದಕ್ಕೂ ಬಣ್ಣ ಗೊತ್ತುಮಾಡಿತು: ಸ್ಪೀಕರಿಗೆ ತಿಳಿಹಸಿರು, ಮೈಕಿಗೆ ಗುಲಾಬಿ, ಟೇಪ್‌ರೆಕಾರ್ಡರಿನಂಥ ಹೊರಗಿನ ಯಂತ್ರದ ದನಿ ಒಳಗೆ ಬರಲು ತಿಳಿನೀಲಿ. ಓದು ಬಾರದವರೂ ಬಣ್ಣ ನೋಡಿ ಜೋಡಿಸಬಹುದಾಯಿತು.

2005ರ ಸುಮಾರಿಗೆ ನಾನಿದ್ದ ಶಾಲೆಗೆ ಒಂದು ಕಂಪ್ಯೂಟರು ಬಂತು. ಸ್ಪೀಕರುಗಳು ಮಾತ್ರ ಪೆಟ್ಟಿಗೆಯಲ್ಲೇ ಉಳಿದವು. “ಮೇಡಂ, ನೀವು ಮುಟ್ಟಬೇಡಿ, ಮೆಕ್ಯಾನಿಕ್ ಬರಲಿ” ಎಂಬ ಅಪ್ಪಣೆಯಾಯಿತು. ಮೂರು ವಾರ ಮಕ್ಕಳು ಪದ್ಯದ ಸಿ.ಡಿ.ಯನ್ನು ಮೂಕಿಚಿತ್ರದಂತೆ ನೋಡಿದರು. ಕೊನೆಗೆ ಏಳನೇ ತರಗತಿಯ ಒಬ್ಬ ಹುಡುಗಿ, “ಮಿಸ್, ಬಣ್ಣ ನೋಡಿ ಹಾಕಿದ್ರೆ ಆಯ್ತಲ್ವಾ?” ಎಂದಳು. “ಹಾಕಮ್ಮ” ಎಂದೆ. ಹಾಕಿದಳು. ಪದ್ಯ ಕೇಳಿಸಿತು, ಹಿಂದಿನ ಬೆಂಚಿನವರೂ ತಾಳ ಹಾಕಿದರು. ಮೆಕ್ಯಾನಿಕ್ ಬಂದಾಗ ಮಾಡಲು ಅವನಿಗೆ ಕೆಲಸವಿರಲಿಲ್ಲ.

ಈಗ ಬಹುಪಾಲು ಕಂಪ್ಯೂಟರುಗಳಲ್ಲಿ ಬೇರೆ ಕಾರ್ಡಿಲ್ಲ. ಅದರ ಕೆಲಸವನ್ನು ಮುಖ್ಯ ಬೋರ್ಡೇ ಮಾಡುತ್ತದೆ. 2016ರಲ್ಲಿ ಆಪಲ್ ಕಂಪನಿ ತನ್ನ ಹೊಸ ಫೋನಿನಿಂದ ಈ ತೂತನ್ನೇ ತೆಗೆದುಹಾಕಿತು. ನಾಳೆ ಪಿನ್ನೂ ಇಲ್ಲವಾದೀತು; ಅದಕ್ಕೆ ಬದಲಾಗಿ ಬರುವುದನ್ನೂ ಯಾರಾದರೂ ಜೋಡಿಸಲೇಬೇಕಲ್ಲ? ಆಗ ಮನೆಯ ಹುಡುಗಿ ಕೈಚಾಚಿದರೆ ‘ನಿನಗೇಕೆ’ ಎನ್ನದಿರೋಣ.