ದೀರ್ಘಕಾಲದ ನೋವು ಮತ್ತು ಮಿದುಳು: ಧಾರವಾಡ ಗ್ರಾಮಾಂತರದ ಹಿನ್ನೆಲೆಯಲ್ಲಿ

ಗಾಯ ಮಾಯಲು, ಉಳುಕು ಇಳಿಯಲು ಬೇಕಾದ ಕಾಲ ಕಳೆದ ಮೇಲೂ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವಿಗೆ ದೀರ್ಘಕಾಲದ ನೋವು ಎಂದು ಹೆಸರು. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ಈ ಗುಂಪಿಗೆ ಸೇರಿಸುತ್ತಾರೆ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಇದಕ್ಕೆ ಸ್ವತಂತ್ರ ಸ್ಥಾನ ಕೊಟ್ಟಿತು. ನೋವು ಬೇರೊಂದು ರೋಗದ ಲಕ್ಷಣವಾಗಿಯೇ ಇರಬೇಕಿಲ್ಲ, ತಾನೇ ಒಂದು ರೋಗವಾಗಬಹುದು ಎಂದು ಅದು ಒಪ್ಪಿಕೊಂಡಿತು. ಇಂಥ ನೋವನ್ನು ಹೆಚ್ಚಿಸುವ, ಉಳಿಸುವ, ತಗ್ಗಿಸುವ ಕೆಲಸದಲ್ಲಿ ಬೆನ್ನುಹುರಿ ಮತ್ತು ಮಿದುಳಿಗೆ ದೊಡ್ಡ ಪಾಲಿದೆ. ಹಾಗೆಂದು ನೋವು ಸುಳ್ಳೆಂದಾಗಲಿ, ನೊಂದವರು ನಟಿಸುತ್ತಾರೆಂದಾಗಲಿ ಅಲ್ಲ. ಈ ಒಂದು ಮಾತು ತಪ್ಪಾಗಿ ಅರ್ಥವಾದರೆ ಮುಂದಿನ ವಿವರಣೆಯೆಲ್ಲ ವ್ಯರ್ಥ.

ದುಡಿಮೆ ಮತ್ತು ಮಾತು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳದು ಬಹುಪಾಲು ಎರೆಹೊಲ. ಮುಂಗಾರಿಗೆ ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ಪಶ್ಚಿಮಕ್ಕಿರುವ ಕಲಘಟಗಿ ಅರೆಮಲೆನಾಡು, ಅಲ್ಲಿ ಭತ್ತ ಮತ್ತು ಗೋವಿನಜೋಳ ಹೆಚ್ಚು. ಕಸ ತೆಗೆಯುವುದು, ಹತ್ತಿ ಬಿಡಿಸುವುದು, ಕಾಯಿ ಹರಿಯುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ಕುಕ್ಕರುಗಾಲಲ್ಲಿ ಕೂತು, ಇಲ್ಲವೆ ಟೊಂಕ ಬಗ್ಗಿಸಿ ಹೊತ್ತು ಮುಳುಗುವವರೆಗೆ ನಡೆಯುವ ಈ ದುಡಿಮೆಯಲ್ಲಿ ಹಸಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರ ಕೂಡುತ್ತದೆ. ಮನೆಗೆ ಬಂದರೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದು ಕಾದಿರುತ್ತದೆ. ನವಲಗುಂದದ ಹೆಸರಾಂತ ಜಮಖಾನ ನೇಯುವ ಹೆಣ್ಣುಮಕ್ಕಳೂ ಗಂಟೆಗಟ್ಟಲೆ ಮಗ್ಗದ ಮುಂದೆ ಕೂರುವವರೇ.

ಈ ಸೀಮೆಯ ಮಾತಿನಲ್ಲಿ ನೋವಿಗೆ ಹಲವು ಹೆಸರುಗಳಿವೆ. ಥಟ್ಟನೆ ಹಿಡಿದುಕೊಂಡರೆ ಚಳಕು, ಕಾಲಿಗಿಳಿದರೆ ಸೆಳೆತ, ಮರಗಟ್ಟಿದರೆ ಜೋಮು. ಬೇನೆ ಎಂಬ ಹಳೆಯ ಪದ ಇಲ್ಲಿ ‘ಬ್ಯಾನಿ’ಯಾಗಿ ನೋವು, ರೋಗ ಎರಡನ್ನೂ ಸೂಚಿಸುತ್ತದೆ. ‘ತ್ರಾಸ’ ಎಂಬ ಮಾತಿಗೆ ಮೈಯ ಕಷ್ಟ, ಮನಸ್ಸಿನ ಕಷ್ಟ ಎಂಬ ಭೇದವೇ ಇಲ್ಲ. ಮೈ ಮತ್ತು ಮನಸ್ಸಿನ ನಡುವೆ ಗೋಡೆ ಕಟ್ಟದ ಈ ಮಾತು ವಿಜ್ಞಾನ ಇತ್ತೀಚೆಗೆ ತಲುಪಿದ ತಿಳಿವಳಿಕೆಗೆ ಹತ್ತಿರವಿದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯಾನುಭವ ಮತ್ತು ಭಾವಾನುಭವ ಎರಡೂ ಕೂಡಿದ್ದೆಂದೇ ಹೇಳುತ್ತದೆ.

ಆದರೂ ಮೈನೋವನ್ನು ಹೇಳಿಕೊಂಡಷ್ಟು ಸುಲಭವಾಗಿ ಮನಸ್ಸಿನ ನೋವನ್ನು ಹೇಳಿಕೊಳ್ಳಲಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ ಮತ್ತು ಅವರ ಸಹೋದ್ಯೋಗಿಗಳು ಮನೋವೈದ್ಯಕೀಯ ವಿಭಾಗಕ್ಕೆ ಬಂದ 80 ಹೊರರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಖಿನ್ನತೆ ಹೆಚ್ಚಿದಂತೆ ಜನ ಏನೆಂದಾರೆಂಬ ಅಳುಕೂ ಹೆಚ್ಚಿತ್ತು. ದೇಹದ ಲಕ್ಷಣಗಳು ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆಯಿತ್ತು. ಮೊಣಕಾಲು ನೋಯುತ್ತದೆ ಎಂದರೆ ಯಾರೂ ಆಡಿಕೊಳ್ಳುವುದಿಲ್ಲ. ನಿದ್ದೆ ಹತ್ತುವುದಿಲ್ಲ, ಜೀವ ಬೇಸತ್ತಿದೆ ಎಂದರೆ ಮಗಳ ಸಂಬಂಧ ಕುದುರುವುದಕ್ಕೂ ಅಡ್ಡಿ.

ನೋವು ಹುಟ್ಟುವ ಬಗೆ

ಬರಿಗಾಲಿಗೆ ಜಾಲಿಮುಳ್ಳು ಚುಚ್ಚಿದಾಗ ಮೊದಲು ಚುರುಕ್ಕೆಂದು, ಒಂದು ಕ್ಷಣ ಬಿಟ್ಟು ಸುಡುವಂತೆ, ಎರಡು ನೋವು ಬರುತ್ತವೆ. ಮೊದಲನೆಯದನ್ನು ಒಯ್ಯುವ ನರತಂತುಗಳ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಎರಡನೆಯದನ್ನು ಒಯ್ಯುವ ಸಣ್ಣ ತಂತುಗಳದು 2 ಮೀಟರಿಗೂ ಕಡಿಮೆ. ಈ ತಂತುಗಳು ಹೊತ್ತೊಯ್ಯುವುದು ಅಪಾಯದ ಸುದ್ದಿಯನ್ನು ಮಾತ್ರ. ಅದು ಬೆನ್ನುಹುರಿಯನ್ನು ದಾಟಿ ಮಿದುಳಿನ ಹಲವು ಭಾಗಗಳನ್ನು ಮುಟ್ಟಿ, ಹಳೆಯ ನೆನಪು, ಈಗಿನ ಸಂದರ್ಭ, ಮುಂದಿನ ಭಯ ಇವುಗಳೊಡನೆ ಕೂಡಿದ ಮೇಲೆಯೇ ನೋವಾಗುತ್ತದೆ. ಮಿದುಳಿನಲ್ಲಿ ನೋವಿಗೆಂದೇ ಮೀಸಲಾದ ಒಂದು ಕೇಂದ್ರವಿಲ್ಲ.

ರಾಶಿಯ ಗಡಿಬಿಡಿಯಲ್ಲಿ ಕುಡಗೋಲು ತಾಗಿದ್ದು ಮನೆಗೆ ಬಂದು ಕಾಲು ತೊಳೆಯುವಾಗ ಅರಿವಿಗೆ ಬರುವುದನ್ನು ಒಕ್ಕಲಿಗರೆಲ್ಲ ಬಲ್ಲರು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ಕಂಡರು. ಭಾರಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿಗೆ ಮದ್ದು ಬೇಡವೆಂದಿದ್ದರು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತ ಇದಕ್ಕೆ ಕಾರಣ ಸೂಚಿಸಿತು: ಬೆನ್ನುಹುರಿಯಲ್ಲಿ ಸುದ್ದಿಯನ್ನು ಬಿಡುವ, ತಡೆಯುವ ವ್ಯವಸ್ಥೆಯಿದೆ, ಮಿದುಳು ಮೇಲಿಂದ ಅದನ್ನು ಹಿಡಿತದಲ್ಲಿಡುತ್ತದೆ. ಆ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದರೂ ತಿರುಳು ಉಳಿಯಿತು. ಮಿದುಳು ತಾನೇ ತಯಾರಿಸುವ, ಅಫೀಮನ್ನು ಹೋಲುವ ನೋವುನಿವಾರಕಗಳು 1975ರಲ್ಲಿ ಪತ್ತೆಯಾದವು.

ಉಳಿದುಬಿಡುವ ನೋವು

ಎರೆಹೊಲದ ಒಡ್ಡು ಒಮ್ಮೆ ಕೊರೆದರೆ ಮುಂದಿನ ಮಳೆಯ ನೀರೂ ಅದೇ ಕೊರಕಲು ಹಿಡಿಯುತ್ತದೆ. ನರವ್ಯೂಹದ ನಡತೆಯೂ ಹೀಗೆಯೇ. ಒಂದೇ ಸುದ್ದಿ ಮೇಲಿಂದ ಮೇಲೆ ಹರಿದಾಗ ಬೆನ್ನುಹುರಿಯ ನರಕೋಶಗಳು ಹೆಚ್ಚು ಸೂಕ್ಷ್ಮವಾಗಿ, ಸಣ್ಣ ಒತ್ತಡಕ್ಕೂ ದೊಡ್ಡದಾಗಿ ಪ್ರತಿಕ್ರಿಯಿಸುತ್ತವೆ ಎಂದು ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಗಾಯವಿಲ್ಲದ ಕಡೆಗೂ ನೋವು ಹರಡುವುದು, ಮುಟ್ಟಿದರೂ ನೋಯುವುದು ಈ ಅತಿಸಂವೇದನೆಯ ಗುರುತುಗಳು. 2012ರಲ್ಲಿ ವಾನಿಯಾ ಅಪ್ಕಾರಿಯನ್ ಅವರ ತಂಡ, ಹೊಸದಾಗಿ ಬೆನ್ನುನೋವು ಬಂದವರ ಮಿದುಳನ್ನು ಸುಮಾರು ಒಂದು ವರ್ಷದ ಅವಧಿಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ ವರದಿ ಪ್ರಕಟಿಸಿತು. ಯಾರ ನೋವು ಉಳಿದೀತು ಎಂಬ ಸೂಚನೆ, ಭಾವನೆ ಮತ್ತು ಕಲಿಕೆಗೆ ಸಂಬಂಧಿಸಿದ ಎರಡು ಮಿದುಳು ಭಾಗಗಳ ನಡುವಿನ ನಂಟಿನಲ್ಲಿ ಸಿಕ್ಕಿತು.

ಕತ್ತರಿಸಿಹೋದ ಕೈ ನೋಯುವ ಸಂಗತಿ ಇದಕ್ಕೆ ಇನ್ನೊಂದು ಸಾಕ್ಷಿ. ಕೈಯೇ ಇಲ್ಲ, ಕೈನೋವು ಇದೆ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯ ಮುಂದೆ ಇರುವ ಕೈಯನ್ನು ಆಡಿಸಿ, ಇಲ್ಲದ ಕೈ ಆಡಿದಂತೆ ಮಿದುಳಿಗೆ ತೋರಿಸುವ ಉಪಾಯ ಹೂಡಿದರು. ಕೆಲವರ ನೋವು ಇಳಿಯಿತು.

ಕರ್ನಾಟಕಕ್ಕೆ ಹತ್ತಿರದ ನಿದರ್ಶನ 2006ರ ಚಿಕೂನ್‌ಗುನ್ಯಾ. ಆ ವರ್ಷ ದೇಶದಲ್ಲಿ ವರದಿಯಾದ 13 ಲಕ್ಷಕ್ಕೂ ಮಿಕ್ಕ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷದಷ್ಟು, ಕರ್ನಾಟಕದವು. ಈ ರೋಗದಲ್ಲಿ ಜ್ವರ ಕೆಲವೇ ದಿನ. ಕೀಲುನೋವು ಹಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅವರಲ್ಲಿ ಕೆಲವರಿಗೆ ಕೀಲಿನ ಉರಿಯೂತವೇ ಮುಂದುವರಿದಿರುತ್ತದೆ. ಆದ್ದರಿಂದ ಪ್ರತಿಯೊಂದು ಹಳೆಯ ನೋವನ್ನೂ ಮಿದುಳಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಹಳೆಯ ನೋವುಗಳಲ್ಲಿ ಬಹಳಷ್ಟು ಎರಡೂ ಕೂಡಿದಂಥವು.

ನಿದ್ದೆಗೆಟ್ಟ ರಾತ್ರಿ, ಸಾಲದ ಕಂತು, ಕೈಕೊಟ್ಟ ಮಳೆ ಇವೂ ನೋವಿನ ಒಳಗೆ ಸೇರುತ್ತವೆ. ಸರಿಯಾಗಿ ನಿದ್ದೆಯಾಗದವರಿಗೆ ಅದೇ ಪೆಟ್ಟು ಹೆಚ್ಚು ನೋಯುತ್ತದೆಂಬುದು ಪ್ರಯೋಗಗಳಲ್ಲಿ ಕಂಡಿರುವ ಸಂಗತಿ. ಮಿದುಳು ಅಪಾಯವನ್ನು ಅಳೆಯುವಾಗ ಟೊಂಕದ ಅಪಾಯ ಬೇರೆ, ಮನೆಯ ಅಪಾಯ ಬೇರೆ ಎಂದು ಪೂರ್ತಿ ಬೇರ್ಪಡಿಸುವುದಿಲ್ಲ.

‘ಸವದೈತಿ’ ಎಂಬ ಮಾತು

ಹಳ್ಳಿಯಿಂದ ಹುಬ್ಬಳ್ಳಿಗೆ ಹೋಗಿ ಬೆನ್ನಿನ ಫೋಟೊ (ಎಕ್ಸ್‌ರೇ, ಸ್ಕ್ಯಾನ್) ತೆಗೆಸಿಕೊಂಡು ಬಂದವರ ಬಾಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು: ‘ಎಲುಬು ಸವದಾವಂತ’, ‘ಗಾದಿ ಸರದೈತಂತ’, ‘ನರಾ ಒತ್ತೈತಂತ’. ಕೇಳಿದವರ ಕಣ್ಣ ಮುಂದೆ ಬರುವುದು ಸವೆದ ಕುಂಟೆಯ ಕುಡ. ಕುಡ ಸವೆದರೆ ಮತ್ತೆ ಬೆಳೆಯದು, ಬಳಸಿದಷ್ಟೂ ಸವೆಯುವುದು. ಹಾಗೆಯೇ ತನ್ನ ಬೆನ್ನು ಎಂದುಕೊಂಡ ಹೆಣ್ಣುಮಗಳು ಕೊಡ ಎತ್ತಲು ಹೆದರುತ್ತಾಳೆ, ಬಗ್ಗಲು ಹೆದರುತ್ತಾಳೆ. ಆಡದ ಸ್ನಾಯು ಬಲಗುಂದುತ್ತದೆ, ಬಲಗುಂದಿದ್ದು ಬೇಗ ನೋಯುತ್ತದೆ, ನೋವು ಹೆದರಿಕೆಯನ್ನು ನಿಜ ಮಾಡುತ್ತದೆ.

ವಾಸ್ತವದಲ್ಲಿ ಎಲುಬು ಕಬ್ಬಿಣವಲ್ಲ. ಅದು ಜೀವವಿರುವ ಅಂಗ, ಭಾರ ಹೊರುತ್ತ ಹೊರುತ್ತ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ 20ರ ಹರೆಯದವರಲ್ಲೇ ಶೇ 37ರಷ್ಟು ಜನರಲ್ಲಿ ಬೆನ್ನಿನ ಡಿಸ್ಕ್ ಸವೆತದ ಲಕ್ಷಣ ಕಂಡಿತ್ತು. 80ರವರಲ್ಲಿ ಶೇ 96. ತಲೆಗೂದಲು ನರೆಯುವಂತೆ ಇದೂ ಬಹುಮಟ್ಟಿಗೆ ವಯಸ್ಸಿನ ಗುರುತು. ಈ ಒಂದು ಸಂಗತಿಯನ್ನು ಫೋಟೊದ ಜೊತೆಗೇ ಹೇಳಿ ಕಳಿಸುವುದು ಎಷ್ಟೋ ಗುಳಿಗೆಗಳಿಗಿಂತ ಮೇಲಾದ ಚಿಕಿತ್ಸೆ ಎಂಬುದು ಈ ಲೇಖಕರ ಅಭಿಪ್ರಾಯ. ಕೆಟ್ಟದಾಗುತ್ತದೆಂಬ ನಿರೀಕ್ಷೆಯೇ ನೋವನ್ನು ಹೆಚ್ಚಿಸಬಲ್ಲದು, ಮತ್ತು ಆ ನಿರೀಕ್ಷೆ ಬಹಳ ಸಲ ದವಾಖಾನೆಯಲ್ಲಿ ಕೇಳಿದ ಒಂದು ಮಾತಿನಿಂದಲೇ ಹುಟ್ಟುತ್ತದೆ.

ಚೇತರಿಕೆ

ಮೊದಲ ಕೆಲಸ, ಬೇರೆ ರೋಗವಿಲ್ಲವೆಂದು ಖಚಿತ ಮಾಡಿಕೊಳ್ಳುವುದು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಗ್ಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇವು ತಡಮಾಡದೆ ದವಾಖಾನೆಗೆ ಹೋಗಬೇಕಾದ ಲಕ್ಷಣಗಳು. ಬೆನ್ನೆಲುಬಿನ ಕ್ಷಯ ನಮ್ಮಲ್ಲಿ ಇಂದಿಗೂ ಇದೆ. ನೆರೆಯ ಗದಗ ಜಿಲ್ಲೆಯ ಮುಂಡರಗಿ ಭಾಗದಂತೆ ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವ ಕಡೆ ಎಲುಬಿನ ಫ್ಲೋರೋಸಿಸ್ ಸಾಧ್ಯತೆಯನ್ನೂ ನೋಡಬೇಕು.

ಅದಾದ ಮೇಲೆ ತಿಳಿವಳಿಕೆ ಮತ್ತು ಚಲನೆ. ಹಾಸಿಗೆ ಹಿಡಿದು ವಿಶ್ರಾಂತಿ ಪಡೆಯುವುದರಿಂದ ಬೆನ್ನುನೋವು ಬೇಗ ಗುಣವಾಗುವುದಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮ, ಮನೋಚಿಕಿತ್ಸೆಗಳನ್ನು ಸೂಚಿಸಿ, ಟೊಂಕಕ್ಕೆ ಕಟ್ಟುವ ಬೆಲ್ಟು, ತೂಕ ಕಟ್ಟಿ ಎಳೆಯುವುದು, ಅಫೀಮು ಜಾತಿಯ ಔಷಧಗಳನ್ನು ವಾಡಿಕೆಯಾಗಿ ಬಳಸಬಾರದೆಂದಿತು. ಅಮೆರಿಕದ ಕೊಲರಾಡೊದಲ್ಲಿ ದೀರ್ಘಕಾಲದ ಬೆನ್ನುನೋವಿನ 151 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮುಂದೆ ಹೋಯಿತು. ಬೆನ್ನಿಗೆ ಹಾನಿಯಾಗುತ್ತಿಲ್ಲ, ಈ ನೋವು ಮಿದುಳಿನ ತಪ್ಪು ಎಚ್ಚರಿಕೆ ಎಂದು ಮನಗಾಣಿಸಿ, ಹೆದರಿಕೆಯಿಲ್ಲದೆ ಮೈ ಆಡಿಸಲು ಕಲಿಸಿದಾಗ ಶೇ 66ರಷ್ಟು ಜನರ ನೋವು ಪೂರ್ತಿಯಾಗಿ ಅಥವಾ ಬಹುಪಾಲು ಹೋಯಿತು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ 10. ಆದರೆ ಅಲ್ಲಿದ್ದವರು ಬಹುತೇಕ ಓದಿದವರು. ದಿನಗೂಲಿಗೆ ಕಸ ತೆಗೆಯುವವರ ನೋವಿಗೆ ಅದೇ ಅಂಕಿ ಹೊಂದುತ್ತದೆಂದು ತಿಳಿಯಬಾರದು.

ಯಾಕೆಂದರೆ ಇಲ್ಲಿ ಪ್ರತಿದಿನ ಬಗ್ಗಿಸುವ ದುಡಿಮೆ ಇನ್ನೂ ನಡೆದೇ ಇದೆ. ‘ಸ್ವಲ್ಪ ಸ್ವಲ್ಪ ಕೆಲಸ ಮಾಡ್ರಿ’ ಎಂಬ ಸಲಹೆ ಪಗಾರ ದಿನದ ಲೆಕ್ಕದಲ್ಲಿ ಬರುವವರಿಗೆ ಸುಲಭವಲ್ಲ. ಸಾಲಿನ ಕೊನೆ ಮುಟ್ಟಿದಾಗಲೊಮ್ಮೆ ಎದ್ದು ನಿಂತು ಮೈ ಮುರಿಯುವುದು, ಕೂತ ಕೆಲಸ ನಿಂತ ಕೆಲಸ ಅದಲುಬದಲು ಮಾಡುವುದು, ಸುಗ್ಗಿಯಿಲ್ಲದ ದಿನಗಳಲ್ಲೂ ನಡೆಯುವುದನ್ನು ಬಿಡದಿರುವುದು ಸಾಧ್ಯವಿರುವ ದಾರಿಗಳು. ನಿಂತುಕೊಂಡೇ ತಳ್ಳುವ ಸೈಕಲ್ ಎಡೆಕುಂಟೆಯಂಥ ಸಾಧನಗಳೂ ಚಿಕಿತ್ಸೆಯ ಭಾಗವೇ. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮಹಿಳೆಯರ ದೈಹಿಕ ಶ್ರಮ ತಗ್ಗಿಸುವ ಸಲಕರಣೆಗಳ ಕುರಿತು ಸಂಶೋಧನೆ ನಡೆದಿದೆ.

ಔಷಧಗಳ ವಿಷಯದಲ್ಲಿ ಎರಡು ಎಚ್ಚರ ಬೇಕು. ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಇನ್ನೊಂದು, ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್‌ನಂಥ ಔಷಧಗಳ ಕುರಿತದ್ದು. ಇವು ಖಿನ್ನತೆಗೂ ಬಳಕೆಯಾಗುವುದರಿಂದ ‘ತಲಿ ಕೆಟ್ಟವರ ಗುಳಿಗಿ’ ಎಂದು ಯಾರೋ ಅಂದದ್ದೇ ತಡ, ಮನೆಯವರು ನಿಲ್ಲಿಸಿಬಿಡುತ್ತಾರೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನೋವು ತಡೆಯುವ ದಾರಿಗೆ ಇವು ಬಲ ಕೊಡುತ್ತವೆ ಎಂದು ಕೊಡುವಾಗಲೇ ವಿವರಿಸಬೇಕು.

ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಪರಿಣತಿ ಇಲ್ಲದಿಲ್ಲ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ‘ಕಿಮ್ಸ್’ ಎಂದೇ ಜನಬಳಕೆಯಲ್ಲಿರುವ ಆಸ್ಪತ್ರೆ, ಇದೆ. ಧಾರವಾಡದಲ್ಲಿ 1845ರಷ್ಟು ಹಳೆಯ ಮೂಲವುಳ್ಳ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್, ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲೇ ಮಾತಾಡಬಹುದು. ಕೊರತೆಯಿರುವುದು ಎಲುಬಿನ ವೈದ್ಯರು, ಅಂಗಸಾಧನೆ ಕಲಿಸುವವರು, ಮನೋವೈದ್ಯರು ಒಬ್ಬ ರೋಗಿಯನ್ನು ಒಟ್ಟಿಗೆ ಕೂತು ನೋಡುವ ಪದ್ಧತಿಯದು.

ಚೇತರಿಕೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಬಿತ್ತಿಗೆ, ಸುಗ್ಗಿ, ಮನೆಯಲ್ಲೊಂದು ಸಾವು, ಇಂಥ ಹೊತ್ತಿನಲ್ಲಿ ಇಳಿದ ನೋವು ಮರಳುತ್ತದೆ. ಮರಳಿದ್ದು ಹೊಸ ಹಾನಿಯ ಗುರುತಾಗಿರಬೇಕಿಲ್ಲ. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳುವ ಅಳತೆಗೋಲಿಗೆ ಇಲ್ಲಿನ ಹಿರಿಯರು ತಡವರಿಸುತ್ತಾರೆ. ಅವರದು ರೂಪಾಯಿ ಲೆಕ್ಕ. ‘ರೂಪಾಯಿದಾಗ ಎಂಟಾಣೆ ಆರಾಮ ಐತ್ರಿ’ ಎಂದವರು ಮುಂದಿನ ಸಲ ಬಂದು ‘ಹನ್ನೆರಡಾಣೆ’ ಎನ್ನುತ್ತಾರೆ. ಉಳಿದ ನಾಲ್ಕಾಣೆಯ ನೋವಿನೊಂದಿಗೇ ಹೊಲಕ್ಕೆ ಹೋಗಿ ಬಂದಿರುತ್ತಾರೆ.