ಮನೆ ಹೊತ್ತ ಕಮಾನುಗಳು

1861ರ ಬೇಸಿಗೆಯಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಜೋಸೆಫ್ ಪಟ್ಟಣದಿಂದ ಇಬ್ಬರು ಸೋದರರು ಕುದುರೆಗಳೆಳೆಯುವ ಅಂಚೆಗಾಡಿಯಲ್ಲಿ ಪಶ್ಚಿಮಕ್ಕೆ ಹೊರಟರು. ಅಣ್ಣ ಓರಿಯನ್ ಕ್ಲೆಮೆನ್ಸ್‌ಗೆ ಆಗಷ್ಟೇ ರಚಿತವಾಗಿದ್ದ ನೆವಾಡಾ ಪ್ರಾಂತ್ಯದ ಕಾರ್ಯದರ್ಶಿಯ ಹುದ್ದೆ ದೊರೆತಿತ್ತು. ಕೇಂದ್ರ ಸರ್ಕಾರದ ಆದೇಶ ಜೇಬಿನಲ್ಲಿಟ್ಟುಕೊಂಡು ಕಾಣದ ಊರಿಗೆ ಹೊರಡುವ ಈ ಬಗೆಯ ಪ್ರಯಾಣ ನಮ್ಮಂಥ ವರ್ಗಾವಣೆಯ ಜೀವಿಗಳಿಗೆ ಹೊಸದಲ್ಲ. ತಮ್ಮ ಸ್ಯಾಮ್ಯುಯೆಲ್ ಅಣ್ಣನಿಗೆ ಜೊತೆಯಾಗಿ ಹೊರಟವನು. ಮುಂದೆ ಜಗತ್ತು ಅವನನ್ನು ಮಾರ್ಕ್ ಟ್ವೇನ್ ಎಂದು ಕರೆಯಿತು. ತಲಾ 150 ಡಾಲರ್ ಪ್ರಯಾಣ ದರ, ತಲಾ 25 ಪೌಂಡ್ ಸಾಮಾನಿಗೆ ಮಾತ್ರ ಅವಕಾಶ. ಆ ಮಿತಿಯೊಳಗೇ ಅವರು ನಾಲ್ಕು ಪೌಂಡ್ ಕಾನೂನು ಗ್ರಂಥವನ್ನೂ ಆರು ಪೌಂಡ್ ತೂಕದ ನಿಘಂಟನ್ನೂ ತುರುಕಿಕೊಂಡಿದ್ದರು. ನಮ್ಮ ಬಳಗದವರಾಗಿದ್ದರೆ ಕಿಟೆಲ್ ನಿಘಂಟನ್ನು ಬಿಟ್ಟು ಹೊರಡುತ್ತಿದ್ದೆವೇ ಎಂದು ಕೇಳಿಕೊಂಡರೆ ಅವರನ್ನು ನೋಡಿ ನಗುವ ಧೈರ್ಯ ಬರುವುದಿಲ್ಲ.

ಒಂದು ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಗಾಡಿಯ ಅಡಿಯಲ್ಲಿ ಏನೋ ಕಳಚಿಬಿತ್ತು. ಗಾಡಿಯ ಒಡಲನ್ನು ಹೊತ್ತಿದ್ದ ಚರ್ಮದ ಪಟ್ಟಿ ಹರಿದಿತ್ತು. ತಡವಾಗಿ ಬಂದಿದ್ದ ಮೂರು ದಿನಗಳ ಅಂಚೆಯನ್ನು ಒಟ್ಟಿಗೆ ಹೇರಿದ್ದೇ ಅದಕ್ಕೆ ಕಾರಣ. ಪ್ರಯಾಣಿಕರೆಲ್ಲ ಇಳಿದು ಚೀಲಗಳನ್ನು ಹೊರಗೆಸೆದರು. ಪಟ್ಟಿಯನ್ನು ಸರಿಪಡಿಸಿದ ಮೇಲೆ ಗಾಡಿಯ ನಿರ್ವಾಹಕನು ಒಂದಷ್ಟು ಚೀಲಗಳನ್ನು ಅಲ್ಲಿಯೇ ಬಿಟ್ಟು, ಕಾವಲಿಗೆ ಮುಂದಿನ ತಂಗುದಾಣದಿಂದ ಆಳನ್ನು ಕಳುಹಿಸುವುದಾಗಿ ಹೇಳಿದ. ಉಳಿದವನ್ನು ಆಸನಗಳ ಬೆನ್ನುಹಲಗೆ ಮಡಚಿ ಗಾಡಿಯ ತುಂಬ ಹಾಸಿದ. ಕೂರಲು ಜಾಗವಿಲ್ಲವೆಂದು ಮೊದಲು ಗೊಣಗಿದವರು ಆಮೇಲೆ ಆ ಹಾಸಿಗೆಯ ಮೇಲೆ ಪರಮಸುಖದಿಂದ ಮಲಗಿ ಸಾಗಿದರು. 1872ರಲ್ಲಿ ಪ್ರಕಟವಾದ 'ರಫಿಂಗ್ ಇಟ್' ಕೃತಿಯ ಈ ಪ್ರಸಂಗವನ್ನು ನಾವು ಎಂ.ಎ. ತರಗತಿಯಲ್ಲಿ ಹಾಸ್ಯವೆಂದೇ ಓದಿದ್ದೆವು. ಚಲಿಸುವ ಗಾಡಿಯಲ್ಲಿ ಹಾಸಿಗೆ, ಮಿತಿಮೀರಿದ ಹೊರೆ, ಕತ್ತಲಲ್ಲಿ ಕೈಕೊಟ್ಟ ಆಧಾರ: ಇಂದು ಮೋಟಾರ್‌ಹೋಮ್ ಎಂದು ಕರೆಯುವ ವಾಹನದ ಸುಖವೂ ಸಂಕಟವೂ ಆ ಒಂದು ರಾತ್ರಿಯಲ್ಲೇ ಇದ್ದುವೆಂದು ತಿಳಿಯಲು ನಮಗೆ ಇಪ್ಪತ್ತು ವರ್ಷ ಬೇಕಾಯಿತು.

ಸಸ್ಪೆನ್ಷನ್ ಎಂಬ ಪದ ಕಿವಿಗೆ ಬಿದ್ದರೆ ಸರ್ಕಾರಿ ನೌಕರರ ಎದೆ ಝಲ್ಲೆನ್ನುವುದು ಸಹಜ. ಕಚೇರಿಯಲ್ಲಿ ಅದು ಅಮಾನತು. ಗಾಡಿಯ ಲೋಕದಲ್ಲಿ ಅದರ ಅರ್ಥ ತೂಗುಹಾಕುವುದು ಎಂದಷ್ಟೆ. ಆ ಅರ್ಥ ಅಕ್ಷರಶಃ ನಿಜವಾಗಿದ್ದ ಕಾಲವೊಂದಿತ್ತು. ನ್ಯೂಹ್ಯಾಂಪ್‌ಷೈರ್‌ನ ಕಾಂಕರ್ಡ್ ಪಟ್ಟಣದಲ್ಲಿ 1827ರಿಂದ ತಯಾರಾಗತೊಡಗಿದ ಪ್ರಸಿದ್ಧ ಕಾಂಕರ್ಡ್ ಗಾಡಿಗಳ ಒಡಲು, ಪದರಪದರವಾಗಿ ಹೊಲಿದ ದಪ್ಪ ಚರ್ಮದ ಪಟ್ಟಿಗಳ ಮೇಲೆ ತೊಟ್ಟಿಲಿನಂತೆ ತೂಗುತ್ತಿತ್ತು. ಗುಂಡಿ ಬಂದರೆ ಒಡಲು ಕುಕ್ಕುತ್ತಿರಲಿಲ್ಲ, ಹಿಂದಕ್ಕೂ ಮುಂದಕ್ಕೂ ಜೀಕುತ್ತಿತ್ತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಉಕ್ಕು ಚರ್ಮದ ಜಾಗಕ್ಕೆ ಬಂದಿತ್ತು. 19ನೆಯ ಶತಮಾನದ ಮೊದಲ ವರ್ಷಗಳಲ್ಲೇ ಲಂಡನ್ನಿನ ಸಾರೋಟು ತಯಾರಕ ಒಬದಯ ಎಲಿಯಟ್, ಎರಡು ಬಿಲ್ಲುಗಳನ್ನು ಎದುರುಬದುರಾಗಿ ಜೋಡಿಸಿದಂಥ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದಿದ್ದ.

ಬಿಲ್ಲು ಎಂದೆವು. ಫಾರಸಿಯ 'ಕಮಾನ್' ಎಂದರೆ ಬಿಲ್ಲೇ. ಕನ್ನಡದಲ್ಲಿ ಅದು ಕಮಾನಾಗಿ ಊರಬಾಗಿಲ ಮೇಲೆ ನಿಂತಿತು. ನಾವೀಗ ವಾಸಿಸುವ ದೆಹಲಿಯ ಗ್ಯಾರೇಜುಗಳಲ್ಲಿ 'ಕಮಾನಿ'ಯಾಗಿ ಲಾರಿಯ ಅಡಿಗೆ ಸೇರಿತು. ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಉದ್ದನೆಯದರ ಎರಡು ತುದಿಗಳಲ್ಲಿ ಸುರುಳಿಯಾಗಿ ಮಡಚಿದ ಕಣ್ಣು. ಆ ಕಣ್ಣುಗಳ ಮೂಲಕವೇ ಪಟ್ಟಿ ವಾಹನದ ಚೌಕಟ್ಟಿಗೆ ಜೋಡಣೆಯಾಗುತ್ತದೆ, ನಡುವೆ ಯು ಆಕಾರದ ಬೋಲ್ಟುಗಳು ಅದನ್ನು ಅಚ್ಚಿಗೆ ಬಿಗಿಯುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಮಾನು ತೂಕ ಹೊರುವುದಷ್ಟೇ ಅಲ್ಲ, ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದೂ ಇರುತ್ತದೆ. ಮುಖ್ಯ ಪಟ್ಟಿ ಮುರಿದರೆ ಒಳಗಿರುವವರಿಗೆ ಕುಲುಕಾಟ ಹೆಚ್ಚುವುದು ಸಣ್ಣ ಮಾತು. ಅಚ್ಚೇ ಓರೆಯಾಗಿ ಸರಿದು, ಚಕ್ರ ಒಂದು ದಿಕ್ಕಿಗೂ ಚಾಲಕನ ಮನಸ್ಸು ಇನ್ನೊಂದು ದಿಕ್ಕಿಗೂ ಹೋಗುವುದು ನಿಜವಾದ ಅಪಾಯ.

ನಮ್ಮ ಎತ್ತಿನ ಗಾಡಿಗೆ ಈ ಚಿಂತೆ ಇರಲಿಲ್ಲ. ಅದಕ್ಕೆ ಕಡೆಗೀಲು ಭದ್ರವಾಗಿದ್ದರೆ ಸಾಕಿತ್ತು. ನಿಧಾನವೇ ಅದರ ಸ್ಪ್ರಿಂಗು. ಆ ಸ್ಪ್ರಿಂಗಿನ ಬೆಲೆಯನ್ನು ಎತ್ತಿನ ಹೆಗಲು ತೆರುತ್ತಿತ್ತು ಎಂಬುದನ್ನು ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ದಶಕಗಳ ಕಾಲ ಹೇಳುತ್ತ ಬಂದರು. ಅದು ಬೇರೆಯೇ ಪ್ರಬಂಧಕ್ಕೆ ವಸ್ತು.

ಸುಖಕ್ಕಾಗಿಯೇ ಮನೆಯನ್ನು ಗಾಲಿಯ ಮೇಲೆ ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನವನು, ನೌಕಾದಳದ ನಿವೃತ್ತ ವೈದ್ಯ, ಬಾಲಕರಿಗಾಗಿ ಸಾಹಸದ ಕಥೆಗಳನ್ನು ಬರೆದವನು. 1885ರಲ್ಲಿ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯೊಂದು ಅವನಿಗೆ 'ವಾಂಡರರ್' ಎಂಬ ಬಂಡಿಮನೆಯನ್ನು ಕಟ್ಟಿಕೊಟ್ಟಿತು. ಎಳೆಯಲು ಎರಡು ಕುದುರೆ. ತೂಕ ಸುಮಾರು ಎರಡು ಟನ್. ಜೊತೆಗೆ ಒಂದು ನಾಯಿ, ಒಂದು ಗಿಳಿ. ಆ ವರ್ಷ ಬರ್ಕ್‌ಷೈರ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಆತ ಮಾಡಿದ ಪಯಣವೇ ಬ್ರಿಟನ್ನಿನ ಕಾರವಾನ್ ಪ್ರವಾಸದ ಆದಿಪುರಾಣ. ನಮ್ಮ ಮನಸ್ಸಿನಲ್ಲಿ ಉಳಿಯುವವನು ಮಾತ್ರ ಅವನ ಸೇವಕ. ಆತ ಮೂರು ಗಾಲಿಯ ಸೈಕಲ್ಲಿನಲ್ಲಿ ಸದಾ ಮುಂದೆ ಸಾಗುತ್ತ, ಎದುರಿನವರಿಗೆ ಬಂಡಿ ಬರುತ್ತಿರುವ ಸುದ್ದಿ ಮುಟ್ಟಿಸುತ್ತಿದ್ದ. ತನ್ನ ಮನೆ ಎಷ್ಟು ಭಾರ, ರಸ್ತೆ ಎಷ್ಟು ದುರ್ಬಲ ಎಂಬ ಅರಿವು ಸ್ಟೇಬಲ್ಸ್‌ಗೆ ಇತ್ತು. ಎರಡು ಟನ್ನನ್ನು ಏರಿನಲ್ಲಿ ಎಳೆಯುವ ಕುದುರೆಗಳ ಏದುಸಿರು ಕಿವಿಗೆ ಬೀಳುತ್ತಿದ್ದರೆ ಹೊರೆಯನ್ನು ಮರೆಯುವುದು ಕಷ್ಟ.

ಎಂಜಿನ್ ಬಂದ ಮೇಲೆ ಮರೆವು ಸುಲಭವಾಯಿತು. 1960ರ ದಶಕದಲ್ಲಿ ಅಯೋವಾದ ಫಾರೆಸ್ಟ್ ಸಿಟಿಯ ವಿನೆಬಾಗೊ ಕಂಪನಿ ಮೋಟಾರ್‌ಹೋಮನ್ನು ಮಧ್ಯಮ ವರ್ಗದ ಅಂಗಳಕ್ಕೆ ತಂದಿತು. ಆದರೆ ಇಂಥ ಮನೆಗಳಿಗೆಂದೇ ಚಾಸಿ ಮಾಡುವವರು ವಿರಳವಾಗಿದ್ದರು. ಸರಕು ವಾಹನದ ಚಾಸಿ ತರಿಸಿ ಅದರ ಮೇಲೆ ಮನೆ ಕಟ್ಟುವುದೇ ರೂಢಿಯಾಯಿತು. ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಷೆವ್ರೊಲೆ ಪಿ-30 ಚಾಸಿ ಮೂಲತಃ ಮನೆಮನೆಗೆ ಸರಕು ಹಂಚುವ ವ್ಯಾನಿನದು. ಅಂಥ ವ್ಯಾನು ಬೆಳಿಗ್ಗೆ ತುಂಬಿ ಹೊರಟು ಸಂಜೆಗೆ ಖಾಲಿಯಾಗಿ ಮರಳುತ್ತದೆ. ಅದರ ಕಮಾನಿಗೆ ದಿನದ ಅರ್ಧದಷ್ಟಾದರೂ ಬಿಡುವು. ಮನೆ ಎಂದೂ ಖಾಲಿಯಾಗುವುದಿಲ್ಲ. ಮಂಚ, ಒಲೆ, ಬೀರು, ಶೌಚಾಲಯ ಎಲ್ಲವೂ ಹಗಲಿರುಳು ಅದರ ಮೇಲೆಯೇ. ವರ್ಷದಲ್ಲಿ ಹನ್ನೊಂದು ತಿಂಗಳು ವಾಹನ ನಿಂತಲ್ಲೇ ನಿಂತಿದ್ದರೂ ಕಮಾನು ಬಾಗಿಯೇ ಇರುತ್ತದೆ. ನಮಗೆ ತೋರುವ ಮಟ್ಟಿಗೆ ಮೋಟಾರ್‌ಹೋಮಿನ ಸಸ್ಪೆನ್ಷನ್ನಿನ ಇತಿಹಾಸವೆಲ್ಲ ಈ ಒಂದು ಮಾತಿನ ವಿಸ್ತರಣೆ: ಬಿಡುವುಳ್ಳ ಕೆಲಸಕ್ಕೆಂದು ಹುಟ್ಟಿದ ಕಮಾನಿಗೆ ಬಿಡುವಿಲ್ಲದ ಕೆಲಸ ಹಚ್ಚಲಾಯಿತು.

ಪಿ-30ರಲ್ಲಿ ಮುಂದಿನ ಸುರುಳಿ ಸ್ಪ್ರಿಂಗುಗಳ ಒಳಗೆ ರಬ್ಬರಿನ ಗಾಳಿಚೀಲಗಳನ್ನು ಇಟ್ಟು ಈ ಕೊರತೆಯನ್ನು ತುಂಬಲು ನೋಡಿದರು. ಉಪಾಯ ಒಳ್ಳೆಯದೇ. ಆದರೆ ಸ್ಪ್ರಿಂಗಿನೊಳಗೆ ಅಡಗಿ ಕುಳಿತ ಚೀಲ ಕಣ್ಣಿಗೆ ಬೀಳುವುದಿಲ್ಲ. ಟೈರಿಗೆ ಗಾಳಿ ತುಂಬಿಸುವಾಗ ಈ ಚೀಲಕ್ಕೂ ಗಾಳಿ ಬೇಕೆಂಬುದು ಎರಡನೆಯ, ಮೂರನೆಯ ಮಾಲೀಕನಿಗೆ ಹೇಗೆ ತಿಳಿಯಬೇಕು? ಗಾಳಿ ಇಳಿದ ಚೀಲದೊಡನೆ ವಾಹನದ ಮೂತಿಯೂ ಇಳಿಯುತ್ತಿತ್ತು.

ಸಂಪೂರ್ಣ ಮೋಟಾರ್‌ಹೋಮನ್ನು ತಾನೇ ರೂಪಿಸಿ ಕಟ್ಟಲು ಹೊರಟ ದೊಡ್ಡ ಕಾರು ಕಂಪನಿ ಜನರಲ್ ಮೋಟಾರ್ಸ್. ಅದರ ಜಿಎಂಸಿ ಮೋಟಾರ್‌ಹೋಮ್ 1973ರಲ್ಲಿ ಬಂತು. 23 ಅಡಿ ಮತ್ತು 26 ಅಡಿಯ ಎರಡು ಅಳತೆ. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಿಂದ ಎರವಲು ಪಡೆದ ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿದ್ದುದರಿಂದ ಹಿಂದಕ್ಕೆ ಹೋಗುವ ದಂಡವಿಲ್ಲ, ಹಿಂದೆ ಅಡ್ಡ ಅಚ್ಚೂ ಇಲ್ಲ. ನೆಲಹಾಸು ರಸ್ತೆಗೆ ತೀರ ಸಮೀಪ. ಹಿಂಭಾಗದ ಪ್ರತಿ ಬದಿಯಲ್ಲೂ ಒಂದರ ಹಿಂದೊಂದು ಎರಡು ಚಕ್ರ. ಅವುಗಳ ತೋಳುಗಳ ನಡುವೆ ಅಡ್ಡಲಾಗಿ ಮಲಗಿಸಿದ ಒಂದೇ ಗಾಳಿಚೀಲ ಎರಡನ್ನೂ ಎರಡು ದಿಕ್ಕಿಗೆ ತಳ್ಳುತ್ತ ಮನೆಯ ಬೆನ್ನನ್ನು ಎತ್ತಿ ಹಿಡಿಯುತ್ತಿತ್ತು. ನಿಲ್ಲಿಸಿದ ಜಾಗ ಓರೆಯಾಗಿದ್ದರೆ ಗಾಳಿಯನ್ನು ಏರಿಸಿ ಇಳಿಸಿ ಮನೆಯನ್ನು ಸಮಮಟ್ಟಕ್ಕೆ ತರಬಹುದಿತ್ತು. ನಾವು ಚಿತ್ರಗಳಲ್ಲಷ್ಟೇ ಕಂಡ ವಾಹನವಿದು. ಆದರೂ ಇಷ್ಟು ಸೊಗಸಾದ ಯೋಚನೆ ಈ ಚರಿತ್ರೆಯಲ್ಲಿ ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಅದರ ದೌರ್ಬಲ್ಯವೂ ಅಲ್ಲಿಯೇ. ಎರಡು ಚಕ್ರಕ್ಕೆ ಒಂದೇ ಚೀಲ. ರಬ್ಬರು ಹಳತಾಗಿ ಅದು ಒಡೆದರೆ ಆ ಬದಿಯ ಮನೆಯೇ ಕೂರುತ್ತದೆ. 1978ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಆಗ ಸುಮಾರು 13 ಸಾವಿರ ವಾಹನಗಳು ರಸ್ತೆಗಿಳಿದಿದ್ದುವು. ಅನಾಥವಾದ ಅವನ್ನು ಮಾಲೀಕರೇ ಸಂಘ ಕಟ್ಟಿಕೊಂಡು ಸಾಕಿದರು. ಪ್ರತಿ ಚಕ್ರಕ್ಕೂ ಬೇರೆಬೇರೆ ಚೀಲವಿಡುವ ಮಾರ್ಪಾಡನ್ನು ಕೊಟ್ಟವರೂ ಆ ಅಭಿಮಾನಿಗಳ ವಲಯದವರೇ.

ಇಷ್ಟೆಲ್ಲ ಓದುವ ಪ್ರಸಂಗ ನಮಗೆ ಒದಗಿದ್ದು ಒಂದು ಅಕ್ಟೋಬರಿನಲ್ಲಿ. ದೆಹಲಿಯ ಮೂರು ಕನ್ನಡ ಕುಟುಂಬಗಳು ಕೂಡಿ, ಮಿನಿ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಕುಲ್ಲುವಿಗೆ ಹೊರಟಿದ್ದೆವು. ಒಂಬತ್ತು ಜನ, 200 ಲೀಟರ್ ನೀರಿನ ತೊಟ್ಟಿ, ಎರಡು ಅನಿಲ ಸಿಲಿಂಡರು, ಕುಲ್ಲುವಿನಲ್ಲಿದ್ದ ಸಹೋದ್ಯೋಗಿಯೊಬ್ಬರಿಗೆಂದು ನಾಲ್ಕು ಪೆಟ್ಟಿಗೆ ಕನ್ನಡ ಪುಸ್ತಕ. ಮೊದಲ ದಿನದಿಂದಲೇ ಹಿಂಭಾಗದಲ್ಲಿ ಟಕ್ ಎಂಬ ಸದ್ದು ಕೇಳುತ್ತಿತ್ತು. ಅಡುಗೆಮನೆಯುಳ್ಳ ವಾಹನದಲ್ಲಿ ಯಾವ ಸದ್ದಾದರೂ ಪಾತ್ರೆಯದೇ ಎನಿಸುತ್ತದೆ. ನಾವು ಎರಡು ಬಾರಿ ಎದ್ದು ಕಪಾಟಿನೊಳಗೆ ಬಟ್ಟೆ ತುರುಕಿದೆವು. ಮರುದಿನ ಬಿಲಾಸಪುರ ದಾಟಿ ಮಂಡಿಯ ಕಡೆಗೆ ಸಾಗುವಾಗ ವಾಹನ ಎಡಕ್ಕೆ ವಾಲಿದಂತೆ ತೋರಿತು. ಘಟ್ಟದ ರಸ್ತೆಯೇ ಓರೆಯೆಂದು ಚಾಲಕ ಹೇಳಿದ, ನಾವೂ ನಂಬಿದೆವು. ಕೊನೆಗೆ ಹಿಂದಿನಿಂದ ಬಂದ ಲಾರಿಯೊಂದು ದೀಪ ಮಿನುಗಿಸಿ, ಪಕ್ಕಕ್ಕೆ ಬಂದು, ಕ್ಲೀನರ್ ಹುಡುಗ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ನಮ್ಮ ಹಿಂದಿನ ಚಕ್ರದತ್ತ ಕೈ ತೋರಿಸಿದ. ಆ ಚಕ್ರದ ನೇರ ಮೇಲಿನ ಹಾಸಿಗೆಯಲ್ಲಿ ಗೆಳೆಯರ ಎಂಬತ್ತೊಂದು ವರ್ಷದ ತಾಯಿ ನಿದ್ರಿಸುತ್ತಿದ್ದರು. ಬಲಕ್ಕೆ ಬೆಟ್ಟ, ಎಡಕ್ಕೆ ಆಳದಲ್ಲಿ ನದಿ.

ಚಾಲಕನ ಒಂದು ಗುಣವನ್ನು ಇಲ್ಲಿ ನೆನೆಯಲೇಬೇಕು. ಆತ ಬ್ರೇಕನ್ನು ಒಮ್ಮೆಲೇ ಒತ್ತಲಿಲ್ಲ. ಗೇರು ಇಳಿಸಿ, ಚಕ್ರವನ್ನು ನೇರವಾಗಿ ಹಿಡಿದು, ರಸ್ತೆ ಅಗಲವಾಗುವವರೆಗೆ ನಡಿಗೆಯ ವೇಗದಲ್ಲಿ ಸಾಗಿ ನಿಲ್ಲಿಸಿದ. ಸರಿದ ಅಚ್ಚಿನ ಮೇಲೆ ಗಟ್ಟಿಯಾಗಿ ಬ್ರೇಕು ಬಿದ್ದರೆ ಅದು ಇನ್ನೂ ಸರಿಯುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಎಲ್ಲರನ್ನೂ ಇಳಿಸಿ, ಬೆಟ್ಟದ ಬದಿಗೆ ವಾಹನದಿಂದ ದೂರ ಕೂರಿಸಿದೆವು. ಟೈರು ಮೈಗೆ ಉಜ್ಜಿ ಕರಕಲು ವಾಸನೆ ಬರುತ್ತಿತ್ತು. ನಮ್ಮಲ್ಲೊಬ್ಬರು ಕುತೂಹಲದಿಂದ ಅಡಿಗೆ ತೂರಲು ಹೋದಾಗ ಚಾಲಕ ಅವರ ಅಂಗಿ ಹಿಡಿದು ಎಳೆದ. ಜಾಕನ್ನಷ್ಟೇ ನಂಬಿ ವಾಹನದ ಅಡಿಗೆ ಹೋಗಬಾರದೆಂಬ ಪಾಠ ನಮ್ಮ ಯಾವ ಪದವಿಯಲ್ಲೂ ಇರಲಿಲ್ಲ.

ಎಳೆದೊಯ್ದ ಗ್ಯಾರೇಜಿನ ಮುದುಕ ಮೇಸ್ತ್ರಿ ಮುರಿದ ಮುಖ್ಯ ಪಟ್ಟಿಯನ್ನು ಬಿಚ್ಚಿ, ಮುರಿದ ಮುಖವನ್ನು ಬೆಳಕಿಗೆ ಹಿಡಿದ. ಅದಕ್ಕೆ ಎರಡು ಬಣ್ಣ. ಮೂರರಲ್ಲೆರಡು ಪಾಲು ಕಂದು ತುಕ್ಕು. ಉಳಿದ ಒಂದು ಪಾಲು ಬೆಳ್ಳಿಯಂತೆ ಹೊಳೆಯುವ ಹೊಸ ಉಕ್ಕು. ಈ ಕಮಾನು ಎಂದೋ ಮುರಿಯತೊಡಗಿತ್ತು, ಇಂದು ಬೇರೆಯಾಯಿತಷ್ಟೆ ಎಂದ. ಹೊಳೆಯುವ ಆ ಒಂದು ಪಾಲಿನ ಮೇಲೆಯೇ ನಾವು ಒಂಬತ್ತು ಜನ ದೆಹಲಿಯಿಂದ ಬಂದಿದ್ದೆವು.

ಮೇಸ್ತ್ರಿ ಕಂಡದ್ದನ್ನು ವಿಜ್ಞಾನ ಕಾಣಲು ಒಂದು ದುರಂತ ಬೇಕಾಗಿತ್ತು. 1842ರ ಮೇ 8ರಂದು ವರ್ಸೇಲ್ಸ್‌ನ ಉತ್ಸವ ಮುಗಿಸಿ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮ್ಯೂಡೋನ್ ಬಳಿ ಮುರಿಯಿತು. ಬೋಗಿಗಳಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. ಬೆಂಕಿಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ದಕ್ಷಿಣ ಧ್ರುವದ ಕಡಲುಗಳನ್ನು ಸುತ್ತಿಬಂದಿದ್ದ ನಾವಿಕ ಡ್ಯೂಮೊಂ ಡರ್ವಿಲ್ ಕೂಡ ಇದ್ದ. ಒಳ್ಳೆಯ ಕಬ್ಬಿಣ ಸಾಧಾರಣ ಹೊರೆಗೆ ಏಕೆ ಮುರಿಯಬೇಕು ಎಂಬ ಪ್ರಶ್ನೆಯನ್ನು ಹಲವರು ಕೈಗೆತ್ತಿಕೊಂಡರು. ಮುಂದೆ ಪ್ರಷ್ಯದ ರೈಲ್ವೆಯ ಆಗಸ್ಟ್ ವ್ಯೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ಪರೀಕ್ಷಿಸಿದ. ಒಂದೇ ಬಾರಿ ಹೇರಿದರೆ ಲೋಹ ಲೆಕ್ಕಿಸದ ಹೊರೆ, ಲಕ್ಷಾಂತರ ಬಾರಿ ಮರುಕಳಿಸಿದರೆ ಅದನ್ನು ಮುರಿಯುತ್ತದೆ. ಹೊರೆ ಒಂದು ಮಿತಿಗಿಂತ ಕೆಳಗಿದ್ದರೆ ಅದೇ ಉಕ್ಕು ಬಹುಕಾಲ ತಾಳುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಕಮಾನಿನಲ್ಲಿ ಅದು ಸಾಮಾನ್ಯವಾಗಿ ಮೊದಲಾಗುವುದು ತುಕ್ಕು ಹಿಡಿದ ಗೀರಿನಿಂದಲೋ, ನಡುವಿನ ಬೋಲ್ಟಿನ ರಂಧ್ರದಿಂದಲೋ, ಯು ಬೋಲ್ಟು ಸಡಿಲವಾಗಿ ಪಟ್ಟಿ ಅಲ್ಲಾಡತೊಡಗಿದ ಜಾಗದಿಂದಲೋ. ಹೊರಡುವ ಮುನ್ನ ಟಾರ್ಚು ಹಿಡಿದು ಐದು ನಿಮಿಷ ಬಗ್ಗಿ ನೋಡಿದ್ದರೆ, ನಾಲ್ಕೂ ಚಕ್ರದ ಮೇಲಿನ ತೆರಪನ್ನು ಗೇಣಿನಿಂದ ಅಳೆದಿದ್ದರೆ, ನಮಗೂ ಕಾಣುತ್ತಿತ್ತು. ಬಾಡಿಗೆಗೆ ಕೊಟ್ಟವರು ನೋಡಿರುತ್ತಾರೆಂದು ನಾವು ಅಂದುಕೊಂಡೆವು. ನಾವು ನೋಡಿಯೇ ತೆಗೆದುಕೊಂಡೆವೆಂದು ಅವರು ಅಂದುಕೊಂಡಿರಬಹುದು.

ಹೊಸ ಪಟ್ಟಿ ಕೂರಿಸಿದ ಮೇಲೆ ಮೇಸ್ತ್ರಿ ನಮ್ಮನ್ನು ನೇರ ಮುಂದಕ್ಕೆ ಬಿಡದೆ ಹತ್ತಿರದ ಧರ್ಮಕಾಂಟಾಕ್ಕೆ ಅಟ್ಟಿದ. ಲಾರಿ ತೂಗುವ ಸೇತುವೆಗೆ ಉತ್ತರದವರು ಇಟ್ಟ ಹೆಸರದು, ಧರ್ಮದ ತಕ್ಕಡಿ. ಅವನ ಮಾತಿನಂತೆ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆಬೇರೆಯಾಗಿ ತೂಗಿಸಿದೆವು. ಹಿಂದಿನದು ನೋಂದಣಿ ಪತ್ರದ ಮಿತಿಗಿಂತ 340 ಕಿಲೋ ಹೆಚ್ಚಿತ್ತು. ತೊಟ್ಟಿಯ ನೀರನ್ನು ಮುಕ್ಕಾಲು ಪಾಲು ಚೆಲ್ಲಿದೆವು. ನಮ್ಮಲ್ಲಿ ಇಬ್ಬರು ಬಸ್ಸು ಹಿಡಿದರು. ಆದರೂ ಉಳಿದದ್ದು ಪುಸ್ತಕಗಳು. ನಾಲ್ಕು ಪೆಟ್ಟಿಗೆಗಳೂ ಹಿಂದಿನ ಮಂಚದ ಅಡಿಯಲ್ಲಿದ್ದುವು. ಯಾವುದನ್ನು ಬಿಡುವುದೆಂದು ಚರ್ಚೆ ನಡೆಯುವುದರೊಳಗೆ ಮೇಸ್ತ್ರಿಯ ಹುಡುಗ ನಾಲ್ಕನ್ನೂ ಎತ್ತಿ ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಟೈರುಗಳ ಪಕ್ಕ ಇಟ್ಟಾಗಿತ್ತು. ಆರು ದಿನಗಳ ನಂತರ ಮರಳುವಾಗ ಅವನ್ನು ಎತ್ತಿಕೊಂಡು ಮಂಡಿಯ ಅಂಚೆ ಕಚೇರಿಯಿಂದ ಕುಲ್ಲುವಿಗೆ ಕಳುಹಿಸಿದೆವು. ತಲುಪಿದುವೆಂದು ಸಹೋದ್ಯೋಗಿ ಬರೆದರು. ಒಂದು ಪೆಟ್ಟಿಗೆಯ ಮೇಲೆ ಗ್ರೀಸ್ ಡಬ್ಬಿಯ ದುಂಡನೆಯ ಗುರುತು ಬಿದ್ದಿತ್ತಂತೆ.